ಆಯಿಯ ಗುಂಡಿ ಫೋನು

“ಬಂತೇನ?” ಆಯಿ ಅಂಗಳದಿಂದ ಕೂಗಿದಳು.

“ಇನ್ನೂ ಇಲ್ಲ!” ಭುವನಾ ಮಾಳಿಗೆಯ ಮೇಲಿಂದ ಉತ್ತರ ಕೊಟ್ಟಳು.

ಅವಳು ನೀರಿನ ಟಾಕಿಯ ಪಕ್ಕ ತುದಿಗಾಲಿನ ಮೇಲೆ ನಿಂತು, ಬಲಗೈಯನ್ನು ಆಕಾಶಕ್ಕೆ ಚಾಚಿದ್ದಳು. ಕೈಯಲ್ಲಿ ಆಯಿಯ ಹಳೆಯ ಫೋನ್ ಇತ್ತು. ಸಾಬೂನಿನಷ್ಟು ದಪ್ಪ, ಬೂದು ಬಣ್ಣ, ಉಬ್ಬಿದ ಗುಂಡಿಗಳು. ಪುಟ್ಟ ಪರದೆಯ ಮೂಲೆಯಲ್ಲಿ ಟವರಿನ ಚಿತ್ರವಿತ್ತು. ಅದರ ಪಕ್ಕ ಕಡ್ಡಿಗಳು ಮೂಡಬೇಕಿತ್ತು. ಒಂದೂ ಮೂಡಲಿಲ್ಲ.

“ಮಾರ್ಕೆಟ್ ಕಡೆ ತಿರುಗಿಸು!”

“ತಿರುಗಿಸೇನಿ ಆಯಿ!”

“ಸ್ವಲ್ಪ ಅಲ್ಲಾಡಿಸು!”

“ಅಲ್ಲಾಡಿಸಿದ್ರ ನೆಟ್‌ವರ್ಕ್ ಬರ್ತದೇನ?”

“ನಂದು ಬರ್ತಿತ್ತು!”

ಭುವನಾ ಅಲ್ಲಾಡಿಸಿದಳು. ಅಷ್ಟರಲ್ಲಿ ಮಾರ್ಕೆಟ್ ಕಡೆಯಿಂದ ಗಾಳಿ ಬೀಸಿತು. ಬ್ಯಾಡಗಿಯಲ್ಲಿ ಫೆಬ್ರವರಿ ಎಂದರೆ ಗಾಳಿಯಲ್ಲೇ ಖಾರ. ಭುವನಾ ಸೀನಿದಳು. ಪಕ್ಕದ ಮನೆಯಲ್ಲಿ ಯಾರೋ ಸೀನಿದರು. ಬೀದಿಯಲ್ಲಿ ಮಲಗಿದ್ದ ನಾಯಿಯೂ ಎದ್ದು ಸೀನಿತು.

ಗೇಟು ಕಿರ್ ಎಂದಿತು. ಎದುರು ಮನೆಯ ಮಹಮೂದಾಬೇಗಂ ಒಳಗೆ ಬಂದಳು. ಭುವನಾ ಅವಳನ್ನು ಚಾಚಿ ಎನ್ನುತ್ತಿದ್ದಳು.

“ಗದಿಗೆವ್ವಾ, ಇವತ್ತಂತೂ ಕೆಲಸ ಇಲ್ಲ. ನಾಳೇದ್ದು ಏನು?” ಎಂದು ಚಾಚಿ ಕೇಳಿದಳು.

“ಕೊಟ್ರಪ್ಪ ಫೋನ್ ಮಾಡಿಲ್ಲ ನೋಡು.”

“ಮಾಡ್ಯಾನ. ಈಗ ಮಾರ್ಕೆಟಿನಾಗ ಸಿಕ್ಕಿದ್ದ. ನಿನ್ನಿ ಮೂರ್ ಸಲ ಹಚ್ಚಿದೆ, ಗದಿಗೆವ್ವ ಎತ್ತಲಿಲ್ಲ ಅಂದ. ಇವತ್ತಿಂದು, ನಾಳೇದ್ದು ಮಾಲು ಬ್ಯಾರೆ ಗುಂಪಿಗೆ ಕೊಟ್ಟಾನಂತ.”

“ಮೂರ್ ಸಲ ಅಲ್ಲ, ಎರಡು ಸಲ,” ಎಂದಳು ಆಯಿ. “ಎರಡು ಸಲ ಬಂದಿದ್ದು ನನಗ ಗೊತ್ತೈತಿ. ಎತ್ತಾಕ ಬರಲಿಲ್ಲ, ಯಾರದಂತ ತಿಳೀಲಿಲ್ಲ.”

“ಅವ ಮೂರು ಅಂದ,” ಎಂದಳು ಚಾಚಿ.

ಮಾಳಿಗೆಯ ಮೇಲೆ ಭುವನಾ ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿದಳು. ಮೂರನೆಯ ಕಾಲ್ ಬಂದದ್ದು ಅವಳಿಗೆ ಮಾತ್ರ ಗೊತ್ತಿತ್ತು.

ಆಯಿ ಎಂದರೆ ಭುವನಾಳ ಅಜ್ಜಿ ಗದಿಗೆವ್ವ. ಅವಳು ಮೆಣಸಿನಕಾಯಿ ಗೋದಾಮುಗಳಲ್ಲಿ ಕೆಲಸ ಮಾಡುತ್ತಿದ್ದಳು. ಒಣಗಿದ ಕಾಯಿಯ ತೊಟ್ಟು ಬಿಡಿಸುವುದು, ಒಳ್ಳೆಯ ಕಾಯಿ ಕೆಟ್ಟ ಕಾಯಿ ಬೇರೆ ಮಾಡುವುದು ಅವಳ ಕೆಲಸ. ಅವಳ ಗುಂಪಿನಲ್ಲಿ ಇನ್ನೂ ಏಳು ಹೆಂಗಸರಿದ್ದರು. ಮಾಲು ಬಂದಾಗ ಗುಮಾಸ್ತ ಕೊಟ್ರಪ್ಪ ಆಯಿಗೆ ಫೋನ್ ಮಾಡುತ್ತಿದ್ದ. ಆಯಿ ಏಳು ಜನರಿಗೆ ಫೋನ್ ಮಾಡುತ್ತಿದ್ದಳು. ಆಯಿಗೆ ಫೋನ್ ಸಿಗದಿದ್ದರೆ ಎಂಟು ಜನರಿಗೂ ಕೆಲಸ ಸಿಗುತ್ತಿರಲಿಲ್ಲ.

ಇಷ್ಟೆಲ್ಲ ಆದದ್ದು ಹೀಗೆ. ಹೋದ ವಾರ ಆಯಿ ಮತ್ತು ಭುವನಾ ಹಾವೇರಿಗೆ ಹೋಗಿದ್ದರು. ಬಸ್‌ಸ್ಟ್ಯಾಂಡಿನ ಹೊರಗೆ ದೊಡ್ಡ ಛತ್ರಿಯ ಕೆಳಗೆ ಒಬ್ಬ ಸಿಮ್ ಮಾರುತ್ತಿದ್ದ. “ನಿಮ್ಮ ನಂಬರ್ ಅದೇ ಇರ್ತದ, ಕಂಪನಿ ಅಷ್ಟೇ ಬ್ಯಾರೆ. ದಿನಾ ಎರಡು ಜಿಬಿ ನೆಟ್!” ಎಂದು ಕೂಗುತ್ತಿದ್ದ.

“ನಂಗ್ಯಾಕ ನೆಟ್?” ಎಂದಿದ್ದಳು ಆಯಿ.

ಭುವನಾಳೇ ಹಟ ಹಿಡಿದಿದ್ದಳು. “ಪೋರ್ಟ್ ಮಾಡ್ಸು ಆಯಿ, ಚಲೋ ಐತಿ. ಅವ್ವನ ಹಳೇ ಟಚ್ ಫೋನ್ ಕಪಾಟಿನಾಗ ಸುಮ್ನ ಬಿದ್ದದ. ನಿನಗ ಕೊಡ್ತೇನಿ. ದೊಡ್ಡ ಸ್ಕ್ರೀನ್!”

ಹೇಳಿದ್ದು ಆಯಿಗೆ ಎಂದು. ಮನಸ್ಸಿನಲ್ಲಿದ್ದದ್ದು ಬೇರೆ. ಆಯಿ ಮಾತಾಡುವುದು ದಿನಕ್ಕೆ ಹತ್ತು ನಿಮಿಷ. ಉಳಿದ ಹೊತ್ತು ಫೋನ್ ನನ್ನ ಕೈಯಲ್ಲಿ ಎಂದು ಭುವನಾ ಲೆಕ್ಕ ಹಾಕಿದ್ದಳು. ಅವಳಿಗೆ ಕೇಕ್ ಅಂಗಡಿ ನಡೆಸುವ ಒಂದು ಗೇಮ್ ಆಡಬೇಕಿತ್ತು. ಕ್ಲಾಸಿನಲ್ಲಿ ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಿದ್ದರು.

ಮಂಗಳವಾರ ಹೊಸ ಸಿಮ್ ಚಾಲೂ ಆಯಿತು. ಬುಧವಾರ ಆಯಿ ಟಚ್ ಫೋನ್ ಹಿಡಿದು ಗೋದಾಮಿಗೆ ಹೋದಳು. ಅಲ್ಲಿ ಅದು ಎರಡು ಸಲ ರಿಂಗಾಯಿತು. ಖಾರ ಹತ್ತದಿರಲೆಂದು ಆಯಿ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಬಟ್ಟೆ ಸುತ್ತಿದ ಬೆರಳಿನಿಂದ ಎಷ್ಟು ಉಜ್ಜಿದರೂ ಫೋನ್ ಕೇಳಲಿಲ್ಲ. ಬಟ್ಟೆ ಬಿಚ್ಚುವಷ್ಟರಲ್ಲಿ ರಿಂಗು ನಿಂತಿತು. ಬಿಚ್ಚಿದ ಕೈಯಿಂದ ಮುಟ್ಟಿದ ಫೋನನ್ನು ಕಿವಿಗೆ ಹಿಡಿದದ್ದಕ್ಕೆ ಕಿವಿ, ಕೆನ್ನೆ ಎಲ್ಲ ಉರಿದವು.

ಸಂಜೆ ಮನೆಗೆ ಬಂದ ಆಯಿ, “ಯಾರ್ ಫೋನ್ ಮಾಡಿದ್ರು ನೋಡು ಭುವಿ, ತಿರುಗಿ ಹಚ್ಚಿಕೊಡು,” ಎಂದು ಫೋನ್ ಕೊಟ್ಟು ಕೈ ತೊಳೆಯಲು ಹೋದಳು. ಭುವನಾ “ಹೂಂ” ಎಂದಳು. ನೋಡುವ ಮೊದಲು ಒಂದೇ ಒಂದು ಆಟ ಎಂದುಕೊಂಡಳು. ಆಟದ ನಡುವೆ ಯಾವುದೋ ನಂಬರಿನಿಂದ ಕಾಲ್ ಬಂತು. ಒಲೆಯಲ್ಲಿದ್ದ ಕೇಕ್ ಸೀದು ಹೋಗುವುದರಲ್ಲಿತ್ತು. ಭುವನಾ ಕೆಂಪು ಗುಂಡಿ ಮುಟ್ಟಿದಳು. ಕಾಲ್ ಕಟ್ಟಾಯಿತು. ಆಮೇಲೆ ಮರೆತೇಹೋಯಿತು. ಗುರುವಾರ ಆಯಿ ಟಚ್ ಫೋನ್ ಬೇಡವೆಂದು ಹೊಸ ಸಿಮ್ಮನ್ನು ತನ್ನ ಹಳೆಯ ಫೋನಿಗೇ ಹಾಕಿಸಿಕೊಂಡಳು.

“ಬಂತೇನ?” ಆಯಿ ಅಂಗಳದಿಂದ ಮತ್ತೆ ಕೇಳಿದಳು.

“ಇಲ್ಲ,” ಎಂದಳು ಭುವನಾ, ಈ ಸಲ ಮೆಲ್ಲಗೆ.

ಕೆಳಗಿಳಿದು ಬಂದ ಭುವನಾ ಫೋನಿನ ಹಿಂಬದಿ ತೆಗೆದು ನೋಡಿದಳು. ಹೊಸ ಸಿಮ್ ಉಗುರಿನಷ್ಟು ಚಿಕ್ಕದು. ಹಳೆಯ ಫೋನಿನ ಜಾಗ ದೊಡ್ಡದು. ಅದಕ್ಕೇ ಅವಳು ಸಿಮ್ ಜೊತೆ ಬಂದಿದ್ದ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂರಿಸಿ ಹಾಕಿದ್ದಳು. ಅದೇನೂ ಜಾರಿರಲಿಲ್ಲ.

ಹಾಗಾದರೆ ಹಾಳಾಗಿರುವುದು ಯಾವುದು? ಸಿಮ್ಮೋ, ಫೋನೋ?

ಅವಳು ಸಿಮ್ ತೆಗೆದು ಟಚ್ ಫೋನಿಗೆ ಹಾಕಿದಳು. ನಾಲ್ಕು ಕಡ್ಡಿ ಬಂದವು. ಸಿಮ್ ಸರಿಯಾಗಿದೆ.

“ಫೋನ್ ಕೆಟ್ಟದ ಆಯಿ.”

“ಹೋದ ವಾರ ಚಲೋ ಇತ್ತು. ಕಪಾಟಿನಾಗ ಕುಂತು ಹೆಂಗ ಕೆಡ್ತದ?”

ಅದೂ ಸರಿಯೇ. ಭುವನಾ ಯೋಚಿಸಿದಳು. ಅವ್ವ ನಿರ್ಮಲಾ ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

“ಅವ್ವಾ, ಐದು ನಿಮಿಷ ನಿನ್ನ ಸಿಮ್ ಕೊಡ್ತೀ?”

“ಯಾಕ?”

“ಒಂದು ಪ್ರಯೋಗ.”

“ಲಗೂ ವಾಪಸ್ ಕೊಡ. ಬ್ಲೌಸಿನವರು ಫೋನ್ ಮಾಡ್ತಾರ.”

ಅವ್ವನ ಸಿಮ್ ಬೇರೆ ಕಂಪನಿಯದು. ಅದನ್ನು ಚೌಕಟ್ಟಿಗೆ ಕೂರಿಸಿ ಹಳೆಯ ಫೋನಿಗೆ ಹಾಕಿ ಗುಂಡಿ ಒತ್ತಿದಳು. ಪರದೆ ಬೆಳಗಿತು. ಒಂದು ಕಡ್ಡಿ ಬಂತು, ಎರಡು ಬಂತು, ಮೂರು ಬಂತು.

ಭುವನಾ ಬಾಯಿ ತೆರೆದು ನೋಡಿದಳು. ಫೋನ್ ಚೆನ್ನಾಗಿದೆ. ಸಿಮ್ಮೂ ಚೆನ್ನಾಗಿದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಮಾತ್ರ ಏನೂ ಇಲ್ಲ! ಅವಳು ವಿಜ್ಞಾನದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಳು:

ಹಳೇ ಫೋನ್, ಆಯಿಯ ಸಿಮ್: ಇಲ್ಲ.
ಟಚ್ ಫೋನ್, ಆಯಿಯ ಸಿಮ್: ಇದೆ.
ಹಳೇ ಫೋನ್, ಅವ್ವನ ಸಿಮ್: ಇದೆ.
ಯಾಕೆ?

“ಯಾಕೆ” ಎಂಬುದಕ್ಕೆ ಮೂರು ಸಲ ಗೆರೆ ಎಳೆದಳು.

ಮರುದಿನ ಶಾಲೆ ಬಿಟ್ಟ ಕೂಡಲೇ ಭುವನಾ, ಆಯಿ ಇಬ್ಬರೂ ಸ್ಟೇಷನ್ ರೋಡಿನ ಬುಡನಸಾಬನ ಅಂಗಡಿಗೆ ಹೋದರು. ಮೊದಲು ಅದು ರೇಡಿಯೋ ರಿಪೇರಿ ಅಂಗಡಿಯಾಗಿತ್ತು. ಈಗ ಬುಡನಸಾಬ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾನೆ. ಫೋನ್ ರಿಪೇರಿ ಎಲ್ಲ ಅವನ ಮಗಳು ಫರ್ಹಾನಾಳದು.

“ಬರ್ರಿ ಅಮ್ಮಾರ, ಕುಂದ್ರಿ,” ಎಂದಳು ಫರ್ಹಾನಾ. ಹಳೆಯ ಫೋನ್ ನೋಡಿದ ಕೂಡಲೇ ಅವಳ ಕಣ್ಣು ಅರಳಿದವು. “ಅಬ್ಬಾ! ಇದು ನಾ ಸಾಲಿಗೆ ಹೋಗೋ ಮೊದ್ಲಿನ ಮಾಡೆಲ್ಲು. ಅಬ್ಬಾಜಾನ್, ಇಧರ್ ದೇಖೋ!”

ಬುಡನಸಾಬ ಪೇಪರ್ ಮಡಚಿ ಎದ್ದು ಬಂದ. ಫೋನನ್ನು ಅಂಗೈಯಲ್ಲಿ ತೂಗಿ ನೋಡಿದ. “ಎಲ್ಲಿ ತೊಗೊಂಡಿದ್ರಿ?”

“ರಾಣೆಬೆನ್ನೂರಾಗ. ಈಕಿ ಇನ್ನೂ ಹುಟ್ಟಿರಲಿಲ್ಲ.”

ಭುವನಾ ನೋಟ್‌ಬುಕ್ ತೆರೆದು ಫರ್ಹಾನಾಳ ಮುಂದಿಟ್ಟಳು. ಫರ್ಹಾನಾ ಓದಿದಳು. ಮತ್ತೊಮ್ಮೆ ಓದಿದಳು.

“ನೀನಽ ಮಾಡಿದ್ದೇನ ಇದನ್ನ? ಶಾಣ್ಯಾಕಿ ಅದೀ. ಅರ್ಧ ಉತ್ತರ ನೀನಽ ಬರದೀದಿ.”

“ಇನ್ನರ್ಧ ಏನ್ ಅಕ್ಕಾ?”

ಫರ್ಹಾನಾ ಅಂಗಡಿಯ ಬಾಗಿಲಿಗೆ ಬಂದು ದೂರದ ಟವರ್ ತೋರಿಸಿದಳು. “ಫೋನು, ಟವರು ಮಾತಾಡ್ತಾವು ಅಂತ ತಿಳ್ಕೊ. ಇಬ್ಬರಿಗೂ ಒಂದು ಭಾಷೆ ಬರಬೇಕೋ ಬ್ಯಾಡೋ? ಈ ಫೋನಿಗೆ ಬರೋದು ಒಂದಽ ಭಾಷೆ, ಟೂಜಿ. ನಿಮ್ಮ ಆಯಿ ಹೊಸದಾಗಿ ಹೋದ ಕಂಪನಿಗೆ ಟೂಜಿ ಇಲ್ಲ. ಅವರು ಶುರು ಮಾಡಿದ್ದಽ ಫೋರ್‌ಜಿಯಿಂದ. ಟವರ್ ಕರೀತದ, ಈ ಫೋನಿಗೆ ತಿಳಿಯಂಗಿಲ್ಲ. ಫೋನ್ ಕರೀತದ, ಟವರಿಗೆ ತಿಳಿಯಂಗಿಲ್ಲ.”

“ಅವ್ವನ ಕಂಪನಿ?”

“ಅವರಿಗೆ ಎರಡೂ ಬರ್ತಾವು. ಹಳೇದೂ ಇಟ್ಕೊಂಡಾರ, ಹೊಸಾದೂ ತಂದಾರ.”

ಭುವನಾ ಟವರನ್ನೇ ನೋಡಿದಳು. ದಿನಾ ಶಾಲೆಗೆ ಹೋಗುವಾಗ ಅದರ ಕೆಳಗೇ ಹೋಗುತ್ತಿದ್ದಳು. ಅದರ ಮೈಮೇಲೆ ಇಷ್ಟೊಂದು ಪೆಟ್ಟಿಗೆಗಳಿರುವುದನ್ನು ಇವತ್ತೇ ನೋಡಿದ್ದು.

“ಟೂಜಿ ಇನ್ನೂ ಎಷ್ಟು ವರ್ಷ ಇರ್ತದ ಅಕ್ಕಾ?”

“ಅದು ನನಗೂ ಗೊತ್ತಿಲ್ಲ. ಕೆಲವು ದೇಶದಾಗ ಬಂದ್ ಮಾಡ್ಯಾರ. ನಮ್ಮಲ್ಲಿ ಇನ್ನೂ ಭಾಳ ಮಂದಿ ಕೈಯಾಗ ಇಂಥಾ ಫೋನ್ ಅದಾವು.”

“ಅದೆಲ್ಲ ಇರ್ಲಿ,” ಎಂದಳು ಆಯಿ. “ನನ್ನ ನಂಬರ್ ತಿರುಗಿ ಹಳೇ ಕಂಪನಿಗೆ ಹಾಕಿಕೊಡವಾ.”

ಫರ್ಹಾನಾ ತಲೆಯಾಡಿಸಿದಳು. “ಈಗ ಆಗೂದಿಲ್ಲ ಅಮ್ಮಾರ. ಒಮ್ಮೆ ಪೋರ್ಟ್ ಮಾಡಿಸಿದ್ರ ತೊಂಬತ್ತು ದಿನ ಅಲ್ಲೇ ಇರಬೇಕು. ರೂಲ್ಸ್ ಐತಿ.”

“ತೊಂಬತ್ತು ದಿನಾ? ಅಷ್ಟರಾಗ ಮೆಣಸಿನಕಾಯಿ ಸೀಜನ್ನಽ ಮುಗೀತದ!”

“ಪೋರ್ಟ್ ಮಾಡ್ಸು ಅಂತ ಹೇಳಿದ್ದು ಯಾರು ನಿಮಗ?”

ಭುವನಾ ಗಾಜಿನ ಕೆಳಗಿದ್ದ ಚಾರ್ಜರುಗಳನ್ನು ಎಣಿಸತೊಡಗಿದಳು.

“ಯಾರು ಹೇಳ್ತಾರ? ಹೆಬ್ಬೆಟ್ಟು ಒತ್ತಿದ್ದು ನಾನಽ ಅಲ್ಲ?” ಎಂದಳು ಆಯಿ.

ಫರ್ಹಾನಾ ಒಂದು ಹೊಸ ಫೋನ್ ತೆಗೆದಳು. “ಇದಕ್ಕ ಗುಂಡೀನೂ ಅದಾವು, ಫೋರ್‌ಜಿನೂ ಬರ್ತದ. ನೋಡ್ರಿ.”

ಆಯಿ ಸೊಂಟದಿಂದ ಒಂದು ಬಟ್ಟೆಯ ತುಂಡು ತೆಗೆದು ತೋರುಬೆರಳಿಗೆ ಸುತ್ತಿಕೊಂಡಳು. ಕಣ್ಣು ಬೇರೆ ಕಡೆ ಇಟ್ಟು ಗುಂಡಿ ಒತ್ತಿದಳು. ಐದು ಒತ್ತಲು ಹೋದರೆ ಐದೂ ಎಂಟೂ ಒಟ್ಟಿಗೇ ಬಿದ್ದವು. ಇನ್ನೊಮ್ಮೆ ಒತ್ತಿದರೆ ಎರಡು ಬಿತ್ತು.

“ನಾನೂ ನೋಡ್ತೇನಿ,” ಎಂದು ಭುವನಾ ತನ್ನ ಕರ್ಚೀಫನ್ನು ಬೆರಳಿಗೆ ಸುತ್ತಿಕೊಂಡು ಕಣ್ಣು ಮುಚ್ಚಿದಳು. ಹೊಸ ಫೋನಿನ ಗುಂಡಿಗಳು ಒಂದಕ್ಕೊಂದು ಅಂಟಿಕೊಂಡು ಚಪ್ಪಟೆಯಾಗಿದ್ದವು. ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ತಿಳಿಯಲಿಲ್ಲ. ಆಮೇಲೆ ಆಯಿಯ ಹಳೆಯ ಫೋನ್ ಮುಟ್ಟಿದಳು. ಒಂದೊಂದು ಗುಂಡಿಯೂ ಬೇರೆ ಬೇರೆ ಕಾಳಿನಂತೆ ಸಿಕ್ಕಿತು. ಐದರ ಮೇಲೆ ಒಂದು ಪುಟ್ಟ ಚುಕ್ಕೆ ಇತ್ತು. ಅದು ಬಟ್ಟೆಯ ಮೂಲಕವೂ ತಿಳಿಯಿತು.

ಇಷ್ಟು ದಿನ ಅವಳು ಆ ಫೋನನ್ನು ಡಬ್ಬಾ ಫೋನ್ ಎನ್ನುತ್ತಿದ್ದಳು.

“ಹಂಗಾದ್ರ ಒಂದು ಕೆಲಸ ಮಾಡೂಣು,” ಎಂದಳು ಫರ್ಹಾನಾ. “ಟೂಜಿ ಇರೋ ಕಂಪನಿದು ಒಂದು ಹೊಸ ಸಿಮ್ ಕೊಡ್ತೇನಿ, ಅದು ಈ ಫೋನಿಗೆ. ಹಳೇ ನಂಬರಿಗೆ ಬಂದ ಕಾಲ್ ಎಲ್ಲಾ ಹೊಸ ನಂಬರಿಗೆ ಬರೂಹಂಗ ಫಾರ್ವರ್ಡ್ ಮಾಡ್ತೇನಿ. ಮೂರು ತಿಂಗಳು ಆದಮ್ಯಾಲ ಬರ್ರಿ, ನಿಮ್ಮ ನಂಬರ್ ವಾಪಸ್ ತರಿಸೂಣು.”

ಸಿಮ್ ಕೊಡಲು ಆಯಿಯ ಬೆರಳಚ್ಚು ಬೇಕಿತ್ತು. ಮಷೀನಿನ ಮೇಲೆ ಹೆಬ್ಬೆರಳು ಇಟ್ಟಳು, ಕೆಂಪು ದೀಪ ಹತ್ತಿತು. ತೋರುಬೆರಳು ಇಟ್ಟಳು, ಮತ್ತೆ ಕೆಂಪು. ಮೂವತ್ತು ವರ್ಷ ತೊಟ್ಟು ಬಿಡಿಸಿದ ಬೆರಳುಗಳ ಗೆರೆಗಳೆಲ್ಲ ಸವೆದುಹೋಗಿದ್ದವು.

“ಹಾವೇರಿಯಾಗೂ ಹಿಂಗಽ ಆಗಿತ್ತು,” ಎಂದು ಆಯಿ ನಕ್ಕಳು. ಕೊನೆಗೆ ಎಡಗೈಯ ಕಿರುಬೆರಳಿಗೆ ಹಸಿರು ದೀಪ ಹತ್ತಿತು.

ಸಂಜೆ ಆರಕ್ಕೆ ಹೊಸ ಸಿಮ್ ಚಾಲೂ ಆಯಿತು. ಹಳೆಯ ಫೋನಿನಲ್ಲಿ ಮೂರು ಕಡ್ಡಿ! ಭುವನಾ ಟಚ್ ಫೋನನ್ನು ಅವ್ವನ ಕೈಗೆ ಕೊಟ್ಟು, “ಕಪಾಟಿನಾಗ ಇಡು,” ಎಂದಳು. ಅವ್ವ ಅವಳ ಮುಖವನ್ನೊಮ್ಮೆ ನೋಡಿ ಇಟ್ಟಳು.

ಆಯಿಯ ಫೋನಿನಲ್ಲಿ ಎಂಟು ಗುಂಡಿಗಳಿಗೆ ಎಂಟು ನಂಬರ್ ಇದ್ದವು. ಎರಡನ್ನು ಒತ್ತಿ ಹಿಡಿದರೆ ಕೊಟ್ರಪ್ಪ. ಮೂರರಿಂದ ಒಂಬತ್ತರವರೆಗೆ ಏಳು ಹೆಂಗಸರು.

“ಅಪ್ಪಂದು ಯಾವುದು ಆಯಿ?”

“ಅವಂದು ಯಾಕ? ಅವ ಮನಿಗೆ ಬರ್ತಾನಲ್ಲ.”

ಆಯಿ ಕೊಟ್ರಪ್ಪನಿಗೆ ಹಚ್ಚಿದಳು. ಅವನು ಎತ್ತಿದ. “ನಾಳೇದ್ದು ಗೊತ್ತಿಲ್ಲ ಗದಿಗೆವ್ವ, ಮಾಲು ಬಂದ್ರ ತಿಳಸ್ತೇನಿ. ನಿಮ್ಮ ಮಂದಿ ತಯಾರಿರಲಿ,” ಎಂದ.

ಆಯಿ ಮೂರನ್ನು ಒತ್ತಿದಳು. ರಿಂಗಾಗಿ ರಿಂಗಾಗಿ ನಿಂತಿತು. ನಾಲ್ಕನ್ನು ಒತ್ತಿದಳು. ಕಟ್ಟಾಯಿತು. ಐದನೆಯದನ್ನು ಫಕ್ಕೀರವ್ವ ಎತ್ತಿದಳು.

“ನಮಗ ಯಾವ ಲೋನೂ ಬ್ಯಾಡ!” ಎಂದು ಕೂಗಿ ಇಟ್ಟುಬಿಟ್ಟಳು.

“ಏ ಫಕ್ಕೀರವ್ವಾ, ನಾನಽ…” ಆಯಿ ಖಾಲಿ ಫೋನಿಗೆ ಹೇಳಿದಳು.

ಭುವನಾಳಿಗೆ ನಗು ತಡೆಯಲಾಗಲಿಲ್ಲ. ಅವಳು ಓಡಿಹೋಗಿ ಎದುರು ಮನೆಯ ಚಾಚಿಯನ್ನು ಕೇಳಿದಳು. “ಚಾಚಿ, ಆಯಿ ಫೋನ್ ಯಾಕ ಎತ್ತಲಿಲ್ರಿ?”

“ಅದು ಗದಿಗೆವ್ವಂದೇನ? ಗೊತ್ತಿಲ್ಲದ ನಂಬರ್ ಎತ್ತಬ್ಯಾಡ್ರಿ, ಮೋಸ ಮಾಡ್ತಾರ ಅಂತ ಎಲ್ಲಾರೂ ಹೇಳ್ತಾರಲ್ಲ!”

ಹಾಗಾದರೆ ಎಲ್ಲರ ಫೋನಿನಲ್ಲೂ ಹೊಸ ನಂಬರ್ ಸೇವ್ ಆಗಬೇಕು. ಭುವನಾ ಕಪಾಟಿನ ಟಚ್ ಫೋನ್ ತೆಗೆದು, ಹಳೆಯ ನಂಬರಿನಿಂದ ಒಬ್ಬೊಬ್ಬರಿಗೂ ಹಚ್ಚಿ ಹೇಳಿದಳು. ಆಗ ಎಲ್ಲರೂ ಎತ್ತಿದರು. ಆದರೆ ಎಲ್ಲರದೂ ಒಂದೇ ಮಾತು: “ನನಗ ಹಾಕ್ಕೊಳ್ಳಾಕ ಬರೂದಿಲ್ಲವಾ, ನೀನಽ ಬಂದು ಹಾಕಿಕೊಡು.”

ಶನಿವಾರ ಶಾಲೆ ಅರ್ಧ ದಿನ. ಭುವನಾ ಊಟ ಮಾಡಿ ಆಯಿಯ ಜೊತೆ ಹೊರಟಳು.

ಮೊದಲು ಚಾಚಿಯ ಮನೆ. ಚಾಚಿಯ ಮಗ ಅಬ್ರಾರ ಭುವನಾಳ ಕ್ಲಾಸಿನವನೇ. ಆಯಿಯ ನಂಬರನ್ನು ಅವನೇ ಸೇವ್ ಮಾಡಿಕೊಟ್ಟಿದ್ದ. ಭುವನಾ ‘ಗದಿಗೆವ್ವ’ ಎಂದು ಹುಡುಕಿದಳು. ಸಿಗಲಿಲ್ಲ.

“ನಾ ‘ಸುಬಹ್’ ಅಂತ ಹಾಕೇನಿ,” ಎಂದ ಅಬ್ರಾರ. “ಸುಬಹ್ ಅಂದ್ರ ಮುಂಜಾನೆ. ದಿನಾ ಮುಂಜಾನೆ ಅಮ್ಮೀಗೆ ಮೊದ್ಲ ಬರೋ ಫೋನು ಅದಽ.”

ಎರಡನೆಯದು ಫಕ್ಕೀರವ್ವನ ಮನೆ. ಅವಳ ಫೋನಿಗೆ ಎರಡು ರಬ್ಬರ್ ಬ್ಯಾಂಡ್ ಸುತ್ತಿತ್ತು. ಆರನೆಯ ಗುಂಡಿಯೇ ಇರಲಿಲ್ಲ. ಆ ತೂತಿನೊಳಗೆ ಅವಳು ಮೆಣಸಿನಕಾಯಿಯ ತೊಟ್ಟಿನಿಂದ ಒತ್ತುತ್ತಿದ್ದಳು. ಒತ್ತಿ ತೋರಿಸಿದಳು ಕೂಡ. ಅವಳ ಫೋನಿನಲ್ಲೂ ‘ಗದಿಗೆವ್ವ’ ಎಂಬ ಹೆಸರಿರಲಿಲ್ಲ. ಸೊಸೆ ‘ಕೆಲಸ’ ಎಂದು ಹಾಕಿಕೊಟ್ಟಿದ್ದಳು.

ಭುವನಾಳಿಗೆ ಕುತೂಹಲ ಹೆಚ್ಚಾಯಿತು. ಮುಂದಿನ ಮನೆಯಲ್ಲಿ ಆಯಿಯ ಹೆಸರು ಏನಿರಬಹುದು? ಒಂದು ಕಡೆ ‘ದೊಡ್ಡಕ್ಕ’ ಇತ್ತು. ಒಂದು ಕಡೆ ‘ಗೋದಾಮು’. ಒಂದು ಫೋನಿನ ಪರದೆ ಅರ್ಧ ಕಪ್ಪಾಗಿ, ಹೆಸರಿನ ಕೊನೆಯ ಎರಡು ಅಕ್ಷರ ಮಾತ್ರ ಕಾಣುತ್ತಿತ್ತು. ಪ್ರತಿ ಮನೆಯಲ್ಲೂ ಭುವನಾ ಹೊಸ ನಂಬರನ್ನು ಅದೇ ಹೆಸರಿಗೆ ಹಾಕಿದಳು.

ಕೊನೆಯವಳು ಹನುಮವ್ವ. ಅವಳ ಊರು ಕದರಮಂಡಲಗಿ. ಬಸ್ಸಿನಲ್ಲಿ ಹೋದರು. ಶನಿವಾರವಾದ್ದರಿಂದ ಆಂಜನೇಯನ ಗುಡಿಯ ಮುಂದೆ ಜನವೋ ಜನ. ಹನುಮವ್ವ ಗುಡಿಯ ಹಿಂದಿನ ಓಣಿಯಲ್ಲಿ ಕಟ್ಟೆಯ ಮೇಲೆ ಕೂತಿದ್ದಳು. ಫೋನ್ ಅವಳ ತೊಡೆಯ ಮೇಲಿತ್ತು.

“ನನಗ ಓದಾಕ ಬರೂದಿಲ್ಲವಾ,” ಎಂದಳು ಅವಳು. “ಅದಕ್ಕ ನಿಮ್ಮ ಆಯಿ ನಂಬರಿಗೆ ಬರೇ ‘ಎ’ ಅಂತ ಹಾಕಿಸೇನಿ. ಕೆಳಗಿನ ಗುಂಡಿ ಒಮ್ಮೆ ಒತ್ತಿದ್ರ ಎಲ್ಲಾರಕಿಂತ ಮೊದ್ಲ ಬರ್ತದ. ಹುಡುಕೂದಽ ಬ್ಯಾಡ.”

“ನಿಮ್ಮ ಮಗಂದು?”

“ಅವಂದು ಎರಡು ಸಲ ಒತ್ತಬೇಕು.”

ಭುವನಾ ‘ಎ’ ತೆಗೆದು ಹೊಸ ನಂಬರ್ ಹಾಕಿದಳು. ಹನುಮವ್ವ ಕೆಳಗಿನ ಗುಂಡಿ ಒಮ್ಮೆ ಒತ್ತಿ ನೋಡಿ, ಹಸಿರು ಗುಂಡಿ ಒತ್ತಿದಳು. ಆಯಿಯ ಸೊಂಟದ ಸಂಚಿಯೊಳಗೆ ಫೋನ್ ರಿಂಗಾಯಿತು. ಮೂವರೂ ನಕ್ಕರು. ನಗುತ್ತಾ ನಗುತ್ತಾ ಹನುಮವ್ವ ಕೇಳಿದಳು, “ಎರಡು ದಿನ ಏನಾಗಿತ್ತು ಗದಿಗೆವ್ವಾ? ಮೈಯಾಗ ಹುಷಾರಿರಲಿಲ್ಲೇನ?”

“ಇಲ್ಲವಾ, ಫೋನಿಂದು ಗದ್ದಲಾಗಿತ್ತು,” ಎಂದಳು ಆಯಿ.

ಬಸ್ ಬರಲು ಇನ್ನೂ ಹೊತ್ತಿತ್ತು. ಇಬ್ಬರೂ ಬಸ್ ನಿಲ್ಲುವಲ್ಲಿ ಕಲ್ಲಿನ ಮೇಲೆ ಕೂತರು. ಗುಡಿಯಲ್ಲಿ ಪ್ರಸಾದವೆಂದು ಸಿಕ್ಕಿದ್ದ ಬಾಳೆಹಣ್ಣನ್ನು ಆಯಿ ಸುಲಿದು ಅರ್ಧ ಕೊಟ್ಟಳು. ಭುವನಾ ತಿನ್ನಲಿಲ್ಲ.

“ಆಯಿ.”

“ಹೂಂ.”

“ಕೊಟ್ರಪ್ಪ ಮಾಮಾ ಮೂರು ಸಲ ಮಾಡಿದ್ದು ಖರೇ. ಮೂರನೇದ್ದು ನಾ ಕಟ್ ಮಾಡಿದ್ನಿ. ಬುಧವಾರ ಸಂಜಿಕ. ಗೇಮ್ ಆಡಾಕತ್ತಿದ್ನಿ.”

ಆಯಿ ಬಾಳೆಹಣ್ಣು ತಿನ್ನುವುದನ್ನು ನಿಲ್ಲಿಸಿದಳು.

“ಪೋರ್ಟ್ ಮಾಡ್ಸು ಅಂದದ್ದೂ ನಿನ್ನ ಸಲುವಾಗಿ ಅಲ್ಲ. ನನಗ ನೆಟ್ ಬೇಕಾಗಿತ್ತು.”

ಹೇಳುವಾಗ ಭುವನಾಳ ಕಣ್ಣು ತನ್ನ ಚಪ್ಪಲಿಯ ಮೇಲಿತ್ತು. ಆಯಿ ಏನಾದರೂ ಬೈಯಲಿ ಎಂದು ಕಾದಳು. ಎದುರಿನ ಅಂಗಡಿಯವನು ತೆಂಗಿನಕಾಯಿ ಒಡೆಯುತ್ತಿದ್ದ. ಒಂದು, ಎರಡು, ಮೂರು ಕಾಯಿ ಒಡೆದವು.

“ಅವತ್ತಽ ಹೇಳಿದ್ರ ನಾ ಕೊಟ್ರಪ್ಪಗ ತಿರುಗಿ ಹಚ್ಚತಿದ್ನಿ,” ಎಂದಳು ಆಯಿ. “ಫೋನೂ ಕಸ್ಕೋತಿದ್ನಿ. ಅದಕ್ಕ ನೀ ಹೇಳಲಿಲ್ಲ. ಹೌದಲ್ಲ?”

“ಹೌದು.”

ಬಸ್ ಬಂತು. ಜನ ನೂಕಾಡಿದರು. ಭುವನಾಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಆಯಿ ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಪಕ್ಕದಲ್ಲೇ ನಿಂತಳು.

“ಆಯಿ, ನೀ ಕುಂದ್ರು.”

“ಕುಂದ್ರು ನೀನು.” ದನಿ ಇನ್ನೂ ಸ್ವಲ್ಪ ಗಡುಸಾಗಿಯೇ ಇತ್ತು.

ಬಸ್ ಊರು ದಾಟುತ್ತಿದ್ದಂತೆ ಸಂಚಿಯೊಳಗೆ ಫೋನ್ ರಿಂಗಾಯಿತು. ಆಯಿ ಚೀಲವನ್ನು ಭುವನಾಳ ತೊಡೆಯ ಮೇಲೆ ಹಾಕಿ, ಫೋನ್ ತೆಗೆದು, ನೋಡದೆಯೇ ಬೆರಳಿನ ಗೆಣ್ಣಿನಿಂದ ಗುಂಡಿ ಒತ್ತಿದಳು.

“ಹಾಂ ಕೊಟ್ರಪ್ಪಾ… ಎಷ್ಟು ಚೀಲ?… ನಾಳೆ ಏಳಕ್ಕ?… ಬರ್ತೇವಿ, ಎಲ್ಲಾರೂ ಬರ್ತೇವಿ.”

ಬಸ್ ಜೋರಾಗಿ ಕುಲುಕಿತು. ಆಯಿ ಎರಡೂ ಕೈಯಿಂದ ಕಂಬಿ ಹಿಡಿಯಬೇಕಾಯಿತು. ಅವಳು ಫೋನನ್ನು ಭುವನಾಳ ಕೈಗೆ ಹಾಕಿದಳು.

“ನೀ ಹಚ್ಚು. ಮೂರರಿಂದ ಶುರು ಮಾಡು. ನಾಳೆ ಏಳಕ್ಕ ದೊಡ್ಡ ಗೋದಾಮಿಗೆ ಅಂತ ಹೇಳು.”

ಭುವನಾ ಮೂರನ್ನು ಒತ್ತಿ ಹಿಡಿದು ಫೋನನ್ನು ಕಿವಿಗೆ ಇಟ್ಟಳು. ಒಂದು ರಿಂಗೂ ಪೂರ್ತಿಯಾಗಲಿಲ್ಲ.

“ಹೇಳ ಗದಿಗೆವ್ವಾ, ಎಷ್ಟಕ್ಕ ಬರ್ಲಿ?” ಎಂದಳು ಚಾಚಿ.

ನಾಲ್ಕನ್ನು ಒತ್ತಿದಳು. ರಿಂಗಾದದ್ದೇ ತಡ, ಎತ್ತಿದರು. ಐದನ್ನು ಒತ್ತಿದಳು. ಈ ಸಲ ಫಕ್ಕೀರವ್ವ ಲೋನಿನ ಸುದ್ದಿ ಎತ್ತಲಿಲ್ಲ. “ಬಂತೇನ ಕೆಲಸ?” ಎಂದು ಅವಳೇ ಕೇಳಿದಳು. ಆರು, ಏಳು, ಎಂಟು. ಯಾರೂ ಎರಡನೆಯ ರಿಂಗು ಆಗಲು ಬಿಡಲಿಲ್ಲ. ಒಂಬತ್ತನ್ನು ಒತ್ತಿದಾಗ ಹನುಮವ್ವ, “ಈಗಽ ಹೋದ್ರಿ, ಇಷ್ಟ್ ಲಗೂ ಬಂತೇನ!” ಎಂದು ಕೂಗಿದ್ದು ಹಿಂದಿನ ಸೀಟಿನವರಿಗೂ ಕೇಳಿಸಿತು.

“ಆದ್ರೇನ ಎಲ್ಲಾರೂ?” ಆಯಿ ಕೇಳಿದಳು.

“ಆದ್ರು.” ಭುವನಾ ಫೋನನ್ನು ನೋಡುತ್ತಾ ಕೇಳಿದಳು, “ಆಯಿ, ಇವರೆಲ್ಲಾ ಇಷ್ಟ್ ಲಗೂ ಹೆಂಗ ಎತ್ತಿದ್ರು?”

“ಫೋನ್ ಬಾಜೂಕಽ ಇಟ್ಕೊಂಡು ಕುಂತಿರ್ತಾರ.”

“ಬುಧವಾರ ಸಂಜಿಕನೂ ಹಂಗಽ ಕುಂತಿದ್ರೇನ?”

“ದಿನಾ ಕುಂದರ್ತಾರ.”

ಭುವನಾ ಸರಿದು ಕೂತು, ಸೀಟಿನ ತುದಿಯಲ್ಲಿ ಆಯಿಗೆ ಸ್ವಲ್ಪ ಜಾಗ ಮಾಡಿಕೊಟ್ಟಳು. ಈ ಸಲ ಆಯಿ ಕೂತಳು. ಭುವನಾ ಫೋನನ್ನು ಅವಳ ಸಂಚಿಯೊಳಗೆ ಇಟ್ಟು, ಬಾಯಿಯ ದಾರ ಎಳೆದು, ನಿಧಾನವಾಗಿ ಗಂಟು ಹಾಕಿದಳು.